ಎರಡು ಪೇಪರ್, ಒಂದೇ ಲೆಕ್ಕ: ಸೆಮ್ ಪರೀಕ್ಷೆಗೆ ಮುಂಚೆ ಬಿಡಿಸಿ ನೋಡಬೇಕಾದ ಕೆಲವು ಪ್ರಶ್ನೆಗಳು

ಎರಡನೇ ಇಂಟರ್ನಲ್ಸ್ ಮುಗಿದ ಸಂಜೆ ಹಾಸ್ಟೆಲ್ ಮೆಸ್‌ನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದ ನಾವು ಆರು ಜನರನ್ನು ಯಾರಾದರೂ ನೋಡಿದ್ದರೆ ಏನೋ ಆಗಬಾರದ್ದು ಆಗಿದೆ ಅಂದುಕೊಳ್ಳುತ್ತಿದ್ದರು. ಬೆಳಿಗ್ಗೆ ಮ್ಯಾಥ್ಸ್, ಮಧ್ಯಾಹ್ನ ಬಯಾಲಜಿ. ಬೆಳಗಿನದರಲ್ಲಿ ಪಾರ್ಶಿಯಲ್ ಡೆರಿವೇಟಿವ್, ಜಾಕೋಬಿಯನ್, ಡಬಲ್ ಇಂಟಿಗ್ರಲ್. ಮಧ್ಯಾಹ್ನದ್ದರಲ್ಲಿ ಹೃದಯ, ರಕ್ತನಾಳ, ಕಿಣ್ವ, ಜೀವಕೋಶ. ಒಂದಕ್ಕೆ ಫಾರ್ಮುಲಾ ಉರು ಹೊಡೆದಿದ್ದೆವು, ಇನ್ನೊಂದಕ್ಕೆ ಜೆರಾಕ್ಸ್ ಅಂಗಡಿಯ ನೋಟ್ಸ್ ಉರು ಹೊಡೆದಿದ್ದೆವು. ಎರಡೂ ಕೈ ಕೊಟ್ಟವು.

ನಮ್ಮಲ್ಲೊಬ್ಬ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುವವನೇ ಅವನು. ಅವನಿಗೆ 50ಕ್ಕೆ 14 ಬಂತು. "ಲೆಕ್ಕ ಬರುತ್ತೆ ಕಣ್ರೋ, ಪ್ರಶ್ನೆ ಏನ್ ಕೇಳ್ತಿದೆ ಅಂತಾನೇ ಗೊತ್ತಾಗಲ್ಲ" ಅಂದ. ಮೂರನೇ ಇಂಟರ್ನಲ್ಸ್‌ನಲ್ಲಿ ಸರಾಸರಿ ಕೂಡದಿದ್ದರೆ ಸೆಮ್ ಪರೀಕ್ಷೆಗೇ ಕೂರಿಸೋದಿಲ್ಲ. ಅವತ್ತಿನಿಂದ ರಾತ್ರಿ ಊಟ ಆದಮೇಲೆ ಒಂದು ಗಂಟೆ ಒಟ್ಟಿಗೆ ಕೂರೋದು ಅಂತ ಮಾಡಿಕೊಂಡೆವು. ಹಾಗೆ ಕೂತಾಗ ಗೊತ್ತಾದ ವಿಷಯ ಇಷ್ಟೇ: ಎರಡು ಪೇಪರಿನಲ್ಲಿ ಕೇಳುತ್ತಿರುವುದು ಬಹಳ ಸಲ ಒಂದೇ ಪ್ರಶ್ನೆ. ಮ್ಯಾಥ್ಸ್ ಪೇಪರ್ "ಡಿಫರೆನ್ಷಿಯೇಟ್ ಮಾಡಿ" ಅನ್ನುತ್ತೆ, ಬಯಾಲಜಿ ಪೇಪರ್ "ಯಾಕೆ?" ಅನ್ನುತ್ತೆ.

ಕೆಳಗಿರುವುದು ನಾವು ಬಿಡಿಸಿದ ಪ್ರಶ್ನೆಗಳಲ್ಲಿ ಕೆಲವು. ಪೆನ್ನು, ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ. ಬರೀ ಕಣ್ಣಾಡಿಸಿದರೆ ಏನೂ ಉಳಿಯಲ್ಲ, ಇದು ನಮ್ಮದೇ ಅನುಭವ.

ಮೊದಲು ಪ್ರಶ್ನೆಯ ಮಾತು

ಲೆಕ್ಕಕ್ಕೆ ಹೋಗುವ ಮುಂಚೆ ಪ್ರಶ್ನೆಯಲ್ಲಿ ಬರುವ ಕೆಲವು ಇಂಗ್ಲಿಷ್ ಪದಗಳ ಬಗ್ಗೆ ಹೇಳಲೇಬೇಕು. ನಮ್ಮ ಗೆಳೆಯ ಮಾರ್ಕ್ಸ್ ಕಳೆದುಕೊಂಡಿದ್ದು ಇಲ್ಲೇ.

"ಹೆನ್ಸ್" ಅಂದರೆ "ಆದ್ದರಿಂದ" ಅಂತ ನಮಗೆಲ್ಲ ಗೊತ್ತು. ಆದರೆ ಪ್ರಶ್ನೆಯಲ್ಲಿ "ಹೆನ್ಸ್ ಫೈಂಡ್" ಅಂತ ಬಂದರೆ ಅದೊಂದು ಆಜ್ಞೆ: ಮೇಲಿನ ಭಾಗದಲ್ಲಿ ಸಾಧಿಸಿದ್ದನ್ನೇ ಬಳಸಿ ಮುಂದಿನದನ್ನು ಕಂಡುಹಿಡಿಯಬೇಕು. ಬೇರೆ ದಾರಿಯಲ್ಲಿ ಸರಿಯಾದ ಉತ್ತರ ತಂದರೂ ಮಾರ್ಕ್ಸ್ ಹೋಗಬಹುದು. ಅದೇ "ಹೆನ್ಸ್ ಆರ್ ಅದರ್‌ವೈಸ್" ಅಂತಿದ್ದರೆ ಯಾವ ದಾರಿಯಾದರೂ ಸರಿ. ಇವನು "ಹೆನ್ಸ್" ನೋಡಿ, ಅದು ವಾಕ್ಯದ ಅಲಂಕಾರ ಅಂದುಕೊಂಡು, ಎರಡನೇ ಭಾಗವನ್ನು ಮೊದಲಿಂದ ಶುರು ಮಾಡಿ ಎರಡು ಪುಟ ಬರೆದು ಟೈಮ್ ಮುಗಿಸಿಕೊಂಡಿದ್ದ.

"ವೆರಿಫೈ" ಅಂದರೆ ಎಡಗಡೆ ಬೇರೆ, ಬಲಗಡೆ ಬೇರೆ ಲೆಕ್ಕ ಮಾಡಿ ಎರಡೂ ಒಂದೇ ಅಂತ ತೋರಿಸೋದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದುಕೊಂಡು ಹೋಗಬೇಕಿಲ್ಲ. "ಎಸ್ಟಿಮೇಟ್" ಅಂದರೆ ಅಂದಾಜು ಸಾಕು, ಕ್ಯಾಲ್ಕುಲೇಟರ್‌ನ ಎಂಟು ದಶಮಾಂಶ ಯಾರಿಗೂ ಬೇಡ. "ಡಿಸ್ಕಸ್ ದ ನೇಚರ್" ಅಂದರೆ ಪ್ರಬಂಧ ಬರೆಯಿರಿ ಅಂತಲ್ಲ. ಆ ಬಿಂದು ಗರಿಷ್ಠವೋ, ಕನಿಷ್ಠವೋ, ಎರಡೂ ಅಲ್ಲದ ತಡಿಬಿಂದುವೋ ಅಂತ ಹೇಳಿ, ಕಾರಣ ಕೊಡೋದು. ಬಯಾಲಜಿ ಪೇಪರಿನ "ಜಸ್ಟಿಫೈ" ಕೂಡ ಹಾಗೇ: ಒಂದು ಸಂಖ್ಯೆ ಅಥವಾ ಒಂದು ಕಾರಣ ಬೇಕು, ಒಂದು ಪುಟ ಬೇಡ.

ಪ್ರಶ್ನೆ ಓದಿದ ತಕ್ಷಣ ಉತ್ತರ ಪತ್ರಿಕೆಯ ಹಿಂದಿನ ರಫ್ ಪುಟದಲ್ಲಿ ಅದನ್ನು ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳೋದು ನಾವು ಮಾಡಿಕೊಂಡ ರೂಢಿ. ಏನು ಕೊಟ್ಟಿದ್ದಾರೆ, ಏನು ಬೇಕು, ಅಷ್ಟೇ. ಅರ್ಧ ನಿಮಿಷದ ಕೆಲಸ.

ಎತ್ತರ, ತೂಕ, ಚರ್ಮ

ಸುಲಭದ್ದರಿಂದ ಶುರು ಮಾಡೋಣ. ಕ್ಯಾನ್ಸರ್ ಔಷಧಿಗಳ ಡೋಸ್ ಅನ್ನು ಬಹಳ ಸಲ ರೋಗಿಯ ತೂಕ ನೋಡಿ ಅಲ್ಲ, ದೇಹದ ಮೇಲ್ಮೈ ವಿಸ್ತೀರ್ಣ ನೋಡಿ ನಿರ್ಧರಿಸುತ್ತಾರೆ. ಚರ್ಮವನ್ನು ಟೇಪ್ ಹಿಡಿದು ಅಳೆಯಲು ಆಗಲ್ಲವಲ್ಲ, ಅದಕ್ಕೆ ಸೂತ್ರಗಳಿವೆ. 1987ರಲ್ಲಿ ಮೋಸ್ಟೆಲರ್ ಕೊಟ್ಟ ಸೂತ್ರ ನೆನಪಿಡಲು ಸುಲಭ:

ವಿಸ್ತೀರ್ಣ = √(ಎತ್ತರ × ತೂಕ ÷ 3600)

ಎತ್ತರ ಸೆಂಟಿಮೀಟರಿನಲ್ಲಿ, ತೂಕ ಕೆ.ಜಿ.ಯಲ್ಲಿ, ಉತ್ತರ ಚದರ ಮೀಟರಿನಲ್ಲಿ. 180 ಸೆಂ.ಮೀ. ಎತ್ತರ, 80 ಕೆ.ಜಿ. ತೂಕ ಇದ್ದರೆ 14400 ÷ 3600 = 4, ಅದರ ವರ್ಗಮೂಲ 2. ಅಂದರೆ 2 ಚದರ ಮೀಟರ್.

ಪ್ರಶ್ನೆ: ಎತ್ತರ ಹಾಗೇ ಇದ್ದು ತೂಕ ಒಂದು ಕೆ.ಜಿ. ಹೆಚ್ಚಾದರೆ ವಿಸ್ತೀರ್ಣ ಎಷ್ಟು ಹೆಚ್ಚುತ್ತದೆ? "ಎತ್ತರ ಹಾಗೇ ಇದ್ದು" ಅಂದ ಕೂಡಲೇ ಪಾರ್ಶಿಯಲ್ ಡೆರಿವೇಟಿವ್ ಅಂತ ತಿಳಿಯಬೇಕು. ಕನ್ನಡದಲ್ಲಿ ಇದನ್ನು ಆಂಶಿಕ ಅವಕಲನ ಅನ್ನುತ್ತಾರೆ, ಹೆಸರೇ ಅರ್ಥ ಹೇಳುತ್ತೆ. ವರ್ಗಮೂಲವನ್ನು ತೂಕದ ಮೇಲೆ ಡಿಫರೆನ್ಷಿಯೇಟ್ ಮಾಡಿದರೆ ವಿಸ್ತೀರ್ಣ ÷ (2 × ತೂಕ) ಬರುತ್ತದೆ: 2 ÷ 160 = 0.0125. ಎತ್ತರದ ಮೇಲೆ ಮಾಡಿದರೆ 2 ÷ 360, ಸುಮಾರು 0.0056.

ಈಗ "ವೆರಿಫೈ ಆಯ್ಲರ್ಸ್ ಥಿಯರಂ" ಅಂತ 6 ಮಾರ್ಕ್ಸಿಗೆ ಕೇಳಿದರು ಅನ್ನಿ. ಎತ್ತರ, ತೂಕ ಎರಡನ್ನೂ ಎರಡು ಪಟ್ಟು ಮಾಡಿದರೆ ವಿಸ್ತೀರ್ಣವೂ ಎರಡು ಪಟ್ಟಾಗುತ್ತದೆ, ಆದ್ದರಿಂದ ಇದು ಡಿಗ್ರಿ 1 ಇರುವ ಹೋಮೋಜೀನಿಯಸ್ ಫಂಕ್ಷನ್. 80 × 0.0125 = 1. 180 × (2 ÷ 360) = 1. ಕೂಡಿದರೆ 2, ಅಂದರೆ 1 × ವಿಸ್ತೀರ್ಣ. ಆಯಿತು. ಆರು ಮಾರ್ಕ್ಸ್.

ರಕ್ತನಾಳದ ನಾಲ್ಕನೇ ಘಾತ

ಇದರಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಈ ಒಂದು ಪ್ರಶ್ನೆ ನಮ್ಮ ಗುಂಪಿನಲ್ಲಿ ಒಬ್ಬಳ ನಿದ್ದೆ ಕೆಡಿಸಿತು.

ಪ್ವಾಸೇಯ್ ಅಂತ ಫ್ರಾನ್ಸಿನ ಒಬ್ಬ ವೈದ್ಯ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತೆ ಅನ್ನೋ ಪ್ರಶ್ನೆ ಹಿಡಿದು, ತೆಳ್ಳನೆಯ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ 1840ರ ಆಸುಪಾಸಿನಲ್ಲಿ ಒಂದು ನಿಯಮ ಕಂಡುಕೊಂಡ. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪೈಪಿನ ನಿಯಮ ಅಂತ ಓದುವುದು ಹುಟ್ಟಿದ್ದು ವೈದ್ಯನ ಕೈಯಲ್ಲಿ. ನಾಳ ಹರಿವಿಗೆ ಒಡ್ಡುವ ರೋಧ ಹೀಗಿದೆ:

ರೋಧ = ಸ್ಥಿರಾಂಕ × ಉದ್ದ ÷ (ತ್ರಿಜ್ಯ)⁴

ಪೇಪರಿನಲ್ಲಿ ಹೀಗೆ ಬರುತ್ತೆ: ತ್ರಿಜ್ಯ 5% ಕಡಿಮೆಯಾದರೆ ರೋಧ ಶೇಕಡಾ ಎಷ್ಟು ಹೆಚ್ಚುತ್ತದೆ, ಎಸ್ಟಿಮೇಟ್ ಮಾಡಿ. ಎರಡೂ ಕಡೆ ಲಾಗ್ ತಗೊಂಡು ಡಿಫರೆನ್ಷಿಯೇಟ್ ಮಾಡಿ. ರೋಧದ ಶೇಕಡಾ ಬದಲಾವಣೆ = ಉದ್ದದ ಶೇಕಡಾ ಬದಲಾವಣೆ − 4 × ತ್ರಿಜ್ಯದ ಶೇಕಡಾ ಬದಲಾವಣೆ. ಉದ್ದ ಬದಲಾಗಿಲ್ಲ. ತ್ರಿಜ್ಯ −5. ಹಾಗಾಗಿ ರೋಧ +20%. ಟೋಟಲ್ ಡಿಫರೆನ್ಷಿಯಲ್‌ನ ಉತ್ತರ ಇದು, ಮ್ಯಾಥ್ಸ್ ಪೇಪರಿಗೆ ಇಷ್ಟು ಸಾಕು.

ಆದರೆ ನಿಜವಾದ ಉತ್ತರ ಎಷ್ಟು? 0.95ರ ನಾಲ್ಕನೇ ಘಾತ 0.8145, ಅದರ ವಿಲೋಮ 1.228. ಅಂದರೆ 22.8%. ಅಂದಾಜು ಪರವಾಗಿಲ್ಲ. ಈಗ ತ್ರಿಜ್ಯ ಅರ್ಧಕ್ಕೆ ಇಳಿದರೆ? ಡಿಫರೆನ್ಷಿಯಲ್ ಹೇಳುತ್ತೆ 200% ಹೆಚ್ಚು, ಅಂದರೆ 3 ಪಟ್ಟು. ನಿಜವಾಗಿ 2ರ ನಾಲ್ಕನೇ ಘಾತ, 16 ಪಟ್ಟು. ಡಿಫರೆನ್ಷಿಯಲ್ ಅನ್ನೋದು ವಕ್ರರೇಖೆಯ ಬದಲು ಸ್ಪರ್ಶರೇಖೆಯ ಮೇಲೆ ನಡೆಯುವ ಲೆಕ್ಕ. ಸಣ್ಣ ಹೆಜ್ಜೆಗೆ ಸರಿ. ದೊಡ್ಡ ಹೆಜ್ಜೆ ಇಟ್ಟರೆ ದಾರಿ ಬೇರೆ ಕಡೆ ತಿರುಗಿರುತ್ತದೆ. "ತ್ರಿಜ್ಯ 50% ಕುಗ್ಗಿದೆ, ಡಿಫರೆನ್ಷಿಯಲ್ ಬಳಸಬಹುದೇ? ಜಸ್ಟಿಫೈ" ಅಂತ ಕೇಳಿದರೆ ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದರೆ ಮುಗಿಯಿತು.

ಈ ಲೆಕ್ಕ ಮಾಡಿದ ರಾತ್ರಿ ನಮ್ಮ ಗೆಳತಿ ಸುಮ್ಮನಾದಳು. ಹಿಂದಿನ ವಾರವಷ್ಟೇ ಅವಳ ಅಪ್ಪನಿಗೆ ಆಂಜಿಯೋಗ್ರಾಂ ಆಗಿತ್ತು. ಹೃದಯದ ಒಂದು ನಾಳ 50% ಕಿರಿದಾಗಿದೆ, ಸದ್ಯಕ್ಕೆ ಮಾತ್ರೆ ಸಾಕು ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. "ಹದಿನಾರು ಪಟ್ಟು ಅಂದ್ರೆ ಮಾತ್ರೆ ಹೇಗ್ರೇ ಸಾಕಾಗುತ್ತೆ?" ಅಂತ ಅವಳು ಕೇಳಿದಾಗ ನಮ್ಮ ಯಾರ ಬಳಿಯೂ ಉತ್ತರ ಇರಲಿಲ್ಲ. ಊರಿಗೆ ಫೋನ್ ಮಾಡಿದವಳು ಅಪ್ಪನ ಹತ್ತಿರ ಬೇರೇನೋ ಮಾತಾಡಿ ಇಟ್ಟಳು.

ಮರುದಿನ ಬಯಾಲಜಿ ಮೇಡಂ ಹತ್ತಿರ ಹೋಗಿ ಕೇಳಿದೆವು. ಅವರು ಬೋರ್ಡ್ ಮೇಲೆ ಹೃದಯ ಬರೆಯಲಿಲ್ಲ, ಎರಡು ರೆಸಿಸ್ಟರ್ ಬರೆದರು, ಸೀರೀಸ್‌ನಲ್ಲಿ. ದೊಡ್ಡ ನಾಳ ಒಂದು ರೆಸಿಸ್ಟರ್. ಅದರ ಮುಂದೆ ಕವಲೊಡೆದು ಹೋಗುವ ಕೂದಲೆಳೆಯಂಥ ಸಣ್ಣ ನಾಳಗಳೆಲ್ಲ ಸೇರಿ ಇನ್ನೊಂದು. ಒಟ್ಟು ರೋಧದಲ್ಲಿ ದೊಡ್ಡ ಪಾಲು ಸಣ್ಣ ನಾಳಗಳದ್ದು. ಲೆಕ್ಕಕ್ಕೆ ಅಂತ ಒಟ್ಟು ರೋಧ 100, ಅದರಲ್ಲಿ ಕಿರಿದಾದ ತುಂಡಿನದ್ದು 1 ಅಂತ ಇಟ್ಟುಕೊಳ್ಳಿ. ಆ 1 ಹದಿನಾರಾದರೆ ಒಟ್ಟು 115. ಇದಲ್ಲದೆ ರಕ್ತ ಕಡಿಮೆ ಬರುತ್ತಿದೆ ಅಂತ ಗೊತ್ತಾದರೆ ಸಣ್ಣ ನಾಳಗಳು ತಾವೇ ಹಿಗ್ಗಿ ಆ 99ನ್ನು ಇಳಿಸುತ್ತವೆ. ಕಬ್ಬಿಣದ ಪೈಪಿಗೆ ಆ ಬುದ್ಧಿ ಇಲ್ಲ. ಓಡುವಾಗ, ಮೆಟ್ಟಿಲು ಹತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕಾದಾಗ ಹಿಗ್ಗಲು ಉಳಿದಿರುವ ಜಾಗ ಕಡಿಮೆಯಾಗಿರುತ್ತೆ, ಅದಕ್ಕೇ ಎದೆನೋವು ಮೊದಲು ಅಲ್ಲಿ ಕಾಣಿಸುತ್ತೆ. ಕೊನೆಗೆ ಮೇಡಂ ಇನ್ನೊಂದು ಮಾತು ಹೇಳಿದರು: "ಇದು ನಿಮ್ಮ ಪೇಪರಿಗೆ. ಅಪ್ಪನಿಗೆ ಡಾಕ್ಟರ್ ಹೇಳಿದ್ದೇ ಲೆಕ್ಕ."

ಆದ್ದರಿಂದ ಈ ಪ್ರಶ್ನೆ ಬಂದರೆ ಉತ್ತರದ ಕೊನೆಗೆ ಊಹೆಗಳನ್ನು ಬರೆಯಲು ಮರೆಯಬೇಡಿ: ಹರಿವು ಸುಳಿ ಇಲ್ಲದ್ದು, ನಾಳದ ಗೋಡೆ ಗಟ್ಟಿ, ದ್ರವದ ಸ್ನಿಗ್ಧತೆ ಬದಲಾಗಲ್ಲ. ರಕ್ತದ ವಿಷಯದಲ್ಲಿ ಈ ಮೂರೂ ಅರ್ಧ ಸತ್ಯ.

ಗೆರೆ ದಾಟುವ ಆಮ್ಲಜನಕ

ಮುಂದಿನದು ಮ್ಯಾಥ್ಸ್ ಪೇಪರಿನ ಹಳೇ ಗಿರಾಕಿ. ಯು = (1/√ಟಿ) × ಇ ಘಾತ (−ಎಕ್ಸ್² ÷ 4·ಡಿ·ಟಿ). ಯು ಅನ್ನು ಟಿ ಮೇಲೆ ಒಂದು ಸಲ ಡಿಫರೆನ್ಷಿಯೇಟ್ ಮಾಡಿದ್ದು, ಎಕ್ಸ್ ಮೇಲೆ ಎರಡು ಸಲ ಮಾಡಿದ್ದರ ಡಿ ಪಟ್ಟು ಅಂತ ವೆರಿಫೈ ಮಾಡಿ. ಇಲ್ಲಿ ಡಿ ಒಂದು ಸ್ಥಿರಾಂಕ.

ನೇರವಾಗಿ ಇಳಿದರೆ ಪ್ರಾಡಕ್ಟ್ ರೂಲ್, ಚೈನ್ ರೂಲ್ ಎಲ್ಲ ಸೇರಿ ಒಂದು ಪುಟ. ಲಾಗ್ ತಗೊಳ್ಳಿ: ಲಾಗ್ ಯು = −½ ಲಾಗ್ ಟಿ − ಎಕ್ಸ್² ÷ (4·ಡಿ·ಟಿ). ಟಿ ಮೇಲೆ ಡಿಫರೆನ್ಷಿಯೇಟ್ ಮಾಡಿ ಯು ಇಂದ ಗುಣಿಸಿದರೆ ಎಡಗಡೆ: ಯು × [ಎಕ್ಸ್² ÷ (4·ಡಿ·ಟಿ²) − 1 ÷ (2·ಟಿ)]. ಎಕ್ಸ್ ಮೇಲೆ ಮೊದಲ ಸಲ: ಯು × [−ಎಕ್ಸ್ ÷ (2·ಡಿ·ಟಿ)]. ಇನ್ನೊಂದು ಸಲ: ಯು × [ಎಕ್ಸ್² ÷ (4·ಡಿ²·ಟಿ²) − 1 ÷ (2·ಡಿ·ಟಿ)]. ಡಿ ಇಂದ ಗುಣಿಸಿ, ಎಡಗಡೆಯದ್ದೇ ಬಂತು. ಆರು ಸಾಲು.

ಈ ಸಮೀಕರಣ ನೀರಿನಲ್ಲಿ ಬಿದ್ದ ಶಾಯಿ ಹರಡುವುದನ್ನೂ, ಜೀವಕೋಶದೊಳಗೆ ಆಮ್ಲಜನಕ ಹರಡುವುದನ್ನೂ ಹೇಳುತ್ತೆ. ಯು ಗಂಟೆಯಾಕಾರದ ರೇಖೆ, ಅದರ ಅಗಲದ ವರ್ಗ 2·ಡಿ·ಟಿ. ತಿರುಗಿಸಿ ಬರೆದರೆ, ಒಂದು ದೂರ ಹರಡಲು ಬೇಕಾದ ಕಾಲ ಸುಮಾರು ದೂರದ ವರ್ಗ ÷ 2ಡಿ. ನೀರಿನಲ್ಲಿ ಆಮ್ಲಜನಕಕ್ಕೆ ಡಿ ಬೆಲೆ ಸೆಕೆಂಡಿಗೆ ಸುಮಾರು 2 × 10⁻⁹ ಚದರ ಮೀಟರ್. ಈಗ ಸಂಖ್ಯೆ ಹಾಕಿ ನೋಡಿ. 10 ಮೈಕ್ರೋಮೀಟರ್, ಅಂದರೆ ಒಂದು ಜೀವಕೋಶದ ಅಗಲ: 0.025 ಸೆಕೆಂಡ್. 1 ಮಿಲಿಮೀಟರ್: 250 ಸೆಕೆಂಡ್, ನಾಲ್ಕು ನಿಮಿಷದ ಮೇಲೆ. 1 ಸೆಂಟಿಮೀಟರ್: 25,000 ಸೆಕೆಂಡ್, ಹತ್ತಿರ ಹತ್ತಿರ ಏಳು ಗಂಟೆ!

ಬಯಾಲಜಿ ಪೇಪರಿನ "ಅಮೀಬಾಕ್ಕೆ ಹೃದಯ ಯಾಕೆ ಬೇಡ, ಮನುಷ್ಯನಿಗೆ ಯಾಕೆ ಬೇಕು" ಅನ್ನೋ ಪ್ರಶ್ನೆಗೆ ಇದೇ ಉತ್ತರ. ನೋಟ್ಸ್‌ನಲ್ಲಿ ಅರ್ಧ ಪುಟ ಬರೆದಿರುತ್ತಾರೆ, ಆದರೆ ಈ ಮೂರು ಸಂಖ್ಯೆ ಇರಲ್ಲ. ಸ್ನಾಯುವಿನ ಲೋಮನಾಳಗಳು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ವ್ಯವಸ್ಥೆಯನ್ನು ಕಂಡುಹಿಡಿದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್‌ಗೆ 1920ರ ನೊಬೆಲ್ ಬಂತು. ಯಾವ ಜೀವಕೋಶವೂ ರಕ್ತದಿಂದ ಬಹಳ ದೂರ ಇರಬಾರದು ಅನ್ನೋದರ ಹಿಂದೆ ಇರುವುದು ಆ ದೂರದ ವರ್ಗ.

ಪೆಟ್ರಿ ತಟ್ಟೆ, ಮರೆತುಹೋದ ಆರ್

ಇದನ್ನು ಬೇಗ ಮುಗಿಸೋಣ. 1887ರಲ್ಲಿ ಪೆಟ್ರಿ ಪರಿಚಯಿಸಿದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆ. ಮಧ್ಯದಲ್ಲಿ ಒತ್ತಾಗಿ, ಅಂಚಿಗೆ ವಿರಳವಾಗಿ: ಸಾಂದ್ರತೆ ಚದರ ಸೆಂ.ಮೀ.ಗೆ 1000 × ಇ ಘಾತ (−ಆರ್² ÷ 4). ಆರ್ ಅಂದರೆ ಮಧ್ಯದಿಂದ ದೂರ, ತಟ್ಟೆಯ ತ್ರಿಜ್ಯ 4 ಸೆಂ.ಮೀ. ಒಟ್ಟು ಎಷ್ಟು?

ಪೋಲಾರ್‌ಗೆ ಬದಲಿಸಿದಾಗ ಚಿಕ್ಕ ತುಂಡಿನ ವಿಸ್ತೀರ್ಣ ಆರ್ × ಡಿಆರ್ × ಡಿಥೀಟಾ. ಆ ಮೊದಲ ಆರ್ ಇದೆಯಲ್ಲ, ಅದೇ ಜಾಕೋಬಿಯನ್. ನಮ್ಮಲ್ಲಿ ಮೂರು ಜನ ಅದನ್ನು ಬಿಟ್ಟಿದ್ದೆವು. ಬಿಟ್ಟಿದ್ದು ಗೊತ್ತಾಗಲು ಎರಡು ಸೂಚನೆ ಇವೆ. ಒಂದು, ಯೂನಿಟ್: ಚದರ ಸೆಂ.ಮೀ.ಗೆ ಇಷ್ಟು ಅನ್ನೋದನ್ನು ಬರೀ ಸೆಂ.ಮೀ.ನಿಂದ ಗುಣಿಸಿದರೆ "ಎಷ್ಟು" ಅನ್ನೋ ಉತ್ತರ ಬರಲ್ಲ. ಎರಡು, ಆರ್ ಇಲ್ಲದಿದ್ದರೆ ಆ ಇಂಟಿಗ್ರಲ್ ಕೈಯಲ್ಲಿ ಬಿಡಿಸೋಕೇ ಆಗಲ್ಲ. ಸಿಕ್ಕಿಹಾಕಿಕೊಂಡರೆ ಮೊದಲು ಆರ್ ಹುಡುಕಿ. ಆರ್ ಇದ್ದರೆ ಆರ್² ÷ 4 ಅನ್ನು ಹೊಸ ಚರ ಅಂತ ಇಟ್ಟು ಎರಡೇ ಸಾಲಿನಲ್ಲಿ: 4000 × ಪೈ × (1 − ಇ ಘಾತ −4), ಸುಮಾರು 12,336.

ಜಿಗಿಹುಳು, ಜೇಡ ಮತ್ತು ಔಷಧಿ

ಇದು ನಮಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಒಂದೇ ಪ್ರಶ್ನೆಯಲ್ಲಿ ಜಾಕೋಬಿಯನ್, ಚೈನ್ ರೂಲ್, ಮ್ಯಾಕ್ಸಿಮಾ ಮಿನಿಮಾ ಮೂರೂ ಬರುತ್ತವೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಬಹಳ ಕಡಿಮೆಯಾಗಿತ್ತು. ಯುದ್ಧ ಮುಗಿದ ಮೇಲೆ ಡಿ'ಆಂಕೋನ ಅನ್ನುವ ಜೀವವಿಜ್ಞಾನಿ ಬಂದರುಗಳ ಮೀನು ಮಾರುಕಟ್ಟೆಯ ಲೆಕ್ಕಪತ್ರ ನೋಡಿದಾಗ, ಆ ವರ್ಷಗಳಲ್ಲಿ ಶಾರ್ಕ್‌ನಂಥ ಬೇಟೆಗಾರ ಮೀನುಗಳ ಪಾಲು ಹೆಚ್ಚಾಗಿತ್ತು. ಹಿಡಿಯುವುದು ಕಡಿಮೆಯಾದರೆ ಎಲ್ಲಾ ಮೀನೂ ಹೆಚ್ಚಬೇಕಲ್ಲ, ಬೇಟೆಗಾರರೇ ಯಾಕೆ? ಈ ಪ್ರಶ್ನೆ ಗಣಿತಜ್ಞ ವೋಲ್ಟೆರಾ ಬಳಿ ಹೋಯಿತು. 1926ರಲ್ಲಿ ಅವರು ಉತ್ತರ ಕೊಟ್ಟರು. ಲೋಟ್ಕಾ ಅನ್ನುವವರು ಅದೇ ಸಮೀಕರಣಗಳನ್ನು ಬೇರೆಯಾಗಿ 1925ರ ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಅದಕ್ಕೇ ಎರಡೂ ಹೆಸರು.

ನಾವು ಮೀನಿನ ಬದಲು ಭತ್ತದ ಗದ್ದೆ ತಗೊಂಡೆವು, ಯಾಕಂದ್ರೆ ನಮ್ಮ 14 ಮಾರ್ಕ್ಸಿನ ಗೆಳೆಯನ ಊರು ಗಂಗಾವತಿ ಕಡೆ. ಎಕ್ಸ್ ಅಂದರೆ ಕಂದು ಜಿಗಿಹುಳು, ವೈ ಅಂದರೆ ಅದನ್ನು ತಿನ್ನುವ ಜೇಡ. ಕೆಳಗಿನ ಸಂಖ್ಯೆಗಳು ಗದ್ದೆಯಲ್ಲಿ ಅಳೆದದ್ದಲ್ಲ, ಕೈಲೆಕ್ಕಕ್ಕೆ ಸುಲಭ ಆಗಲಿ ಅಂತ ಇಟ್ಟುಕೊಂಡದ್ದು.

ಎಕ್ಸ್ ಬದಲಾಗುವ ದರ = 2ಎಕ್ಸ್ − 0.1·ಎಕ್ಸ್·ವೈ
ವೈ ಬದಲಾಗುವ ದರ = −ವೈ + 0.01·ಎಕ್ಸ್·ವೈ

ಹುಳು ತಾನಾಗಿ ಹೆಚ್ಚುತ್ತೆ, ಜೇಡದ ಬಾಯಿಗೆ ಸಿಕ್ಕಿ ಕಮ್ಮಿಯಾಗುತ್ತೆ. ಜೇಡ ಹಸಿವಿನಿಂದ ಕಮ್ಮಿಯಾಗುತ್ತೆ, ಹುಳು ತಿಂದು ಹೆಚ್ಚುತ್ತೆ. ಎರಡೂ ದರ ಸೊನ್ನೆ ಆಗುವ ಬಿಂದು: ವೈ = 20, ಎಕ್ಸ್ = 100. (ಎರಡೂ ಸೊನ್ನೆ ಇರುವ ಬಿಂದು ಇನ್ನೊಂದು, ಅಲ್ಲಿ ಗದ್ದೆ ಖಾಲಿ.)

ಮೊದಲ ಭಾಗ, ಜಾಕೋಬಿಯನ್ ಬರೆಯಿರಿ. ಮೇಲಿನ ಸಾಲು 2 − 0.1ವೈ, −0.1ಎಕ್ಸ್. ಕೆಳಗಿನ ಸಾಲು 0.01ವೈ, 0.01ಎಕ್ಸ್ − 1. ಬಿಂದುವಿನ ಬೆಲೆ ಹಾಕಿದರೆ ಮೇಲಿನ ಸಾಲು 0, −10, ಕೆಳಗಿನದು 0.2, 0. ಡಿಟರ್ಮಿನೆಂಟ್ 2. ಐಗನ್ ವ್ಯಾಲ್ಯೂಗಳ ವರ್ಗ −2, ಅಂದರೆ ಶುದ್ಧ ಕಾಲ್ಪನಿಕ. ಸಂಖ್ಯೆಗಳು ಸುತ್ತುತ್ತವೆ ಅನ್ನೋ ಸೂಚನೆ ಇದು: ಹುಳು ಹೆಚ್ಚು, ಆಮೇಲೆ ಜೇಡ ಹೆಚ್ಚು, ಆಮೇಲೆ ಹುಳು ಕಮ್ಮಿ, ಆಮೇಲೆ ಜೇಡ ಕಮ್ಮಿ. ಆದರೆ ಬರೀ ಸೂಚನೆ. ಜಾಕೋಬಿಯನ್ ಕೂಡ ಸ್ಪರ್ಶರೇಖೆಯಂಥದ್ದೇ. ಶುದ್ಧ ಕಾಲ್ಪನಿಕ ಬಂದಾಗ ಸುತ್ತು ಹಾಗೇ ಉಳಿಯುತ್ತೋ, ನಿಧಾನವಾಗಿ ಒಳಗೆ ಸುರುಳಿಯಾಗುತ್ತೋ, ಹೊರಗೆ ಹೋಗುತ್ತೋ ಅಂತ ಅದೊಂದರಿಂದ ಹೇಳಲು ಆಗಲ್ಲ. ಬಹಳ ಜನ ಇಲ್ಲೇ "ಆದ್ದರಿಂದ ಸುತ್ತುತ್ತದೆ" ಅಂತ ಮುಗಿಸಿಬಿಡ್ತಾರೆ.

ಎರಡನೇ ಭಾಗ ಅದಕ್ಕೇ ಇರುವುದು. ವಿ = 0.01ಎಕ್ಸ್ − ಲಾಗ್ ಎಕ್ಸ್ + 0.1ವೈ − 2 ಲಾಗ್ ವೈ. ಕಾಲದ ಜೊತೆ ವಿ ಬದಲಾಗಲ್ಲ ಅಂತ ತೋರಿಸಿ. ಚೈನ್ ರೂಲ್: ಎಕ್ಸ್ ಮೇಲಿನ ಪಾರ್ಶಿಯಲ್ 0.01 − 1/ಎಕ್ಸ್, ಅದನ್ನು ಎಕ್ಸ್ ದರದಿಂದ ಗುಣಿಸಿದರೆ (0.01ಎಕ್ಸ್ − 1)(2 − 0.1ವೈ). ವೈ ಮೇಲಿನ ಪಾರ್ಶಿಯಲ್ 0.1 − 2/ವೈ, ವೈ ದರದಿಂದ ಗುಣಿಸಿದರೆ (0.1ವೈ − 2)(0.01ಎಕ್ಸ್ − 1). ಕೂಡಿದರೆ ಸೊನ್ನೆ. ಹುಳು, ಜೇಡ ಎಷ್ಟೇ ಏರಿಳಿದರೂ ವಿ ಹಾಗೇ ಇರುತ್ತೆ.

ಮೂರನೇ ಭಾಗ, ವಿ ಯ ಎಕ್ಸ್‌ಟ್ರೀಮ್ ಬಿಂದು ಹುಡುಕಿ, ಡಿಸ್ಕಸ್ ದ ನೇಚರ್. ಪಾರ್ಶಿಯಲ್‌ಗಳನ್ನು ಸೊನ್ನೆ ಮಾಡಿದರೆ ಎಕ್ಸ್ = 100, ವೈ = 20. ಅದೇ ಬಿಂದು! ಎರಡನೇ ಡೆರಿವೇಟಿವ್‌ಗಳು: 1/ಎಕ್ಸ್² = 0.0001, 2/ವೈ² = 0.005, ಮಿಶ್ರ ಡೆರಿವೇಟಿವ್ 0. ಆರ್‌ಟಿ − ಎಸ್² ಧನ, ಆರ್ ಧನ, ಆದ್ದರಿಂದ ಕನಿಷ್ಠ. ಅಂದರೆ ವಿ ಒಂದು ಬೋಗುಣಿ, ತಳದಲ್ಲಿ ಆ ಸಮತೋಲನ ಬಿಂದು, ಮತ್ತು ಗದ್ದೆ ಬೋಗುಣಿಯ ಗೋಡೆ ಮೇಲೆ ಒಂದೇ ಎತ್ತರದಲ್ಲಿ ಸುತ್ತುತ್ತಲೇ ಇರುತ್ತದೆ. ಜಾಕೋಬಿಯನ್ ಅರ್ಧಕ್ಕೆ ನಿಲ್ಲಿಸಿದ್ದನ್ನು ಮ್ಯಾಕ್ಸಿಮಾ ಮಿನಿಮಾ ಪೂರ್ತಿ ಮಾಡಿತು. ಈ ಜಾಗಕ್ಕೆ ಬಂದಾಗ ರಾತ್ರಿ ಹನ್ನೊಂದೂವರೆ, ವಾರ್ಡನ್ ಬಂದು ಬೈಯುವಷ್ಟು ಗಲಾಟೆ ಮಾಡಿದ್ದೆವು.

ಈಗ ಬಯಾಲಜಿ. ಔಷಧಿ ಹೊಡೆದರು ಅನ್ನಿ, ಅದು ಹುಳುವನ್ನೂ ಜೇಡವನ್ನೂ ಒಂದೇ ದರದಲ್ಲಿ ಕೊಲ್ಲುತ್ತೆ, ದರ 0.5. ಹುಳುವಿನ ಬೆಳವಣಿಗೆ 2 ಇದ್ದದ್ದು 1.5 ಆಯಿತು. ಜೇಡದ ಸಾವು 1 ಇದ್ದದ್ದು 1.5 ಆಯಿತು. ಹೊಸ ಸಮತೋಲನ: ಎಕ್ಸ್ = 1.5 ÷ 0.01 = 150, ವೈ = 1.5 ÷ 0.1 = 15. ಔಷಧಿ ಹೊಡೆದ ಮೇಲೆ ಸರಾಸರಿ ಹುಳು ನೂರರಿಂದ ನೂರೈವತ್ತಕ್ಕೆ ಏರಿತು! ಸರಾಸರಿ ಅಂತ ಯಾಕೆ ಹೇಳಬಹುದು ಅಂದರೆ, ವೈ ದರವನ್ನು ವೈ ಇಂದ ಭಾಗಿಸಿ ಒಂದು ಪೂರ್ತಿ ಸುತ್ತಿಗೆ ಇಂಟಿಗ್ರೇಟ್ ಮಾಡಿ. ಲಾಗ್ ವೈ ಹೊರಟಲ್ಲಿಗೇ ವಾಪಸ್ ಬರುವುದರಿಂದ ಎಡಗಡೆ ಸೊನ್ನೆ, ಹಾಗಾಗಿ ಎಕ್ಸ್‌ನ ಸರಾಸರಿ ಆ ಸಮತೋಲನದ ಬೆಲೆಯೇ. ಏಡ್ರಿಯಾಟಿಕ್‌ನ ಉತ್ತರವೂ ಇದೇ, ಉಲ್ಟಾ: ಬಲೆ ಕಡಿಮೆಯಾಯಿತು, ಬೇಟೆಗಾರ ಹೆಚ್ಚಿತು.

ಕಾಗದದ ಮೇಲಷ್ಟೇ ಅಲ್ಲ ಇದು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ 1880ರ ದಶಕದ ಕೊನೆಗೆ ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಒಂದು ಗುಲಗಂಜಿ ಹುಳು ಬಿಳಿ ಶಲ್ಕ ಕೀಟವನ್ನು ಹದ್ದುಬಸ್ತಿನಲ್ಲಿಟ್ಟಿತ್ತು. 1940ರ ದಶಕದಲ್ಲಿ ಡಿಡಿಟಿ ಬಂದು ಗುಲಗಂಜಿ ಹುಳುವನ್ನು ಕೊಂದಾಗ ಶಲ್ಕ ಕೀಟ ಮತ್ತೆ ಎದ್ದು ಬಂತು. ಭತ್ತದ ಜಿಗಿಹುಳುವಿನ ವಿಷಯದಲ್ಲೂ ಏಷ್ಯಾದ ಹಲವು ದೇಶಗಳಲ್ಲಿ ಇದೇ ಕಂಡಿದೆ: ಜೇಡಗಳನ್ನು ಕೊಲ್ಲುವ ಔಷಧಿ ಹೊಡೆದ ಗದ್ದೆಯಲ್ಲಿ ಹುಳು ತಿರುಗಿ ಹೆಚ್ಚಾಗುವುದು. ನಮ್ಮ ಗೆಳೆಯ ಲೆಕ್ಕ ಮುಗಿಸಿ ಸ್ವಲ್ಪ ಹೊತ್ತು 150 ಅನ್ನೋ ಸಂಖ್ಯೆ ನೋಡ್ತಾ ಕೂತಿದ್ದ. "ನಮ್ ದೊಡ್ಡಪ್ಪ ಹೋದ್ ಸಲ ನಾಕ್ ಸಲ ಹೊಡ್ಸಿದ್ರು. ಪ್ರತೀ ಸಲನೂ ಜಾಸ್ತಿ ಆಯ್ತು ಅಂತಿದ್ರು. ಅಂಗಡಿಯವನು ಡೋಸ್ ಕಮ್ಮಿ ಆಯ್ತು ಅಂದಿದ್ದ" ಅಂದ. ಸಾಲ ಮಾಡಿ ತಂದ ಔಷಧಿ ಅದು. ಗದ್ದೆ ಎರಡು ಸಮೀಕರಣಕ್ಕೆ ಹಿಡಿಸುವಷ್ಟು ಸರಳ ಅಲ್ಲ. ಗೊಬ್ಬರ, ನೀರು, ತಳಿ, ಔಷಧಿಗೆ ಒಗ್ಗಿಹೋದ ಹುಳು ಎಲ್ಲಾ ಇದೆ. ಆದರೂ ಅವನು ಮರುದಿನ ದೊಡ್ಡಪ್ಪನಿಗೆ ಫೋನ್ ಮಾಡಿ, ಈ ಸಲ ಹೊಡೆಯೋಕೆ ಮುಂಚೆ ಬುಡದಲ್ಲಿ ಜೇಡ ಎಷ್ಟಿವೆ ಎಣಿಸಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದು ಮಾತು ಕೇಳಿ ಅಂದ. "ಪರೀಕ್ಷೆಗೆ ಓದೋ ಮೊದ್ಲು" ಅಂತ ಬೈಸಿಕೊಂಡ.

ಮೂರನೇ ಇಂಟರ್ನಲ್ಸ್‌ನಲ್ಲಿ ಅವನಿಗೆ 33 ಬಂತು. ಸೆಮ್ ಬರೀತಿದ್ದಾನೆ.

ನಿಮಗೆ ಎರಡು ಪ್ರಶ್ನೆ

ಒಂದು. ಕಿಣ್ವದ ವೇಗ = 10·ಎಸ್ ÷ [2(1 + ಐ) + ಎಸ್]. ಎಸ್ ಅಂದರೆ ಕಿಣ್ವ ಕೆಲಸ ಮಾಡುವ ವಸ್ತುವಿನ ಪ್ರಮಾಣ, ಐ ಅಂದರೆ ಅದರ ಜಾಗಕ್ಕೆ ಪೈಪೋಟಿ ಮಾಡುವ ತಡೆಕಾರಕದ ಪ್ರಮಾಣ. ಎಸ್ = 2, ಐ = 1 ಇದ್ದಾಗ ಐ ಮೇಲಿನ ಪಾರ್ಶಿಯಲ್ ಡೆರಿವೇಟಿವ್ ಎಷ್ಟು? ಎಸ್ ಬಹಳ ದೊಡ್ಡದಾದರೆ ಅದು ಏನಾಗುತ್ತೆ, ಯಾಕೆ? ಉತ್ತರ: −1.11. ಎಸ್ ದೊಡ್ಡದಾದಂತೆ ಸೊನ್ನೆಗೆ ಹೋಗುತ್ತೆ; ಬಸ್ ಸೀಟಿಗೆ ನೂರು ಜನ ನಮ್ಮವರೇ ನುಗ್ಗಿದರೆ ಪೈಪೋಟಿಗೆ ಬಂದವನಿಗೆ ಜಾಗ ಸಿಗಲ್ಲ.

ಎರಡು. ರಕ್ತನಾಳ ಸಣ್ಣದಾದರೆ ರಕ್ತ ತಳ್ಳಲು ಖರ್ಚು, ದೊಡ್ಡದಾದರೆ ಅದರಲ್ಲಿ ತುಂಬಿದ ರಕ್ತವನ್ನು ಸಾಕುವ ಖರ್ಚು. ಒಟ್ಟು ಖರ್ಚು = ಎ × ಹರಿವು² ÷ ತ್ರಿಜ್ಯ⁴ + ಬಿ × ತ್ರಿಜ್ಯ². ಖರ್ಚು ಕನಿಷ್ಠವಾಗಲು ಹರಿವು ತ್ರಿಜ್ಯದ ಘನಕ್ಕೆ ಅನುಪಾತದಲ್ಲಿರಬೇಕು ಅಂತ ತೋರಿಸಿ. ಹೆನ್ಸ್, ಒಂದು ನಾಳ ಎರಡು ಸಮ ಕವಲಾದರೆ ಪ್ರತಿ ಕವಲಿನ ತ್ರಿಜ್ಯ ಎಷ್ಟಿರಬೇಕು? 1926ರಲ್ಲಿ ಮರ್ರೆ ಬಿಡಿಸಿದ ಲೆಕ್ಕ ಇದು. "ಹೆನ್ಸ್" ಗಮನಿಸಿ, ಘನದ ನಿಯಮ ಬಳಸಿಯೇ ಮಾಡಬೇಕು. ಉತ್ತರ: ಮೂಲ ನಾಳದ 0.794 ಪಟ್ಟು.